ಡ್ರಾಫ್ಟ್ ಆದ ಮೇಲೆ ಏನು? ಕಾಲೇಜು ಕೋರ್ಟಿನಿಂದ ಪ್ರೊ ಬ್ಯಾಸ್ಕೆಟ್‌ಬಾಲ್‌ವರೆಗಿನ ದಾರಿ

2011ರಲ್ಲಿ ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್ ನೋಡುವವರ ಬಾಯಲ್ಲೆಲ್ಲ ಒಂದೇ ಹೆಸರು: ಜಿಮ್ಮರ್ ಫ್ರೆಡೆಟ್. ಬ್ರಿಗಂ ಯಂಗ್ ಯೂನಿವರ್ಸಿಟಿಯ ಆಟಗಾರ. ಪಂದ್ಯಕ್ಕೆ ಸರಾಸರಿ 28.9 ಪಾಯಿಂಟ್. ಇಡೀ ದೇಶದಲ್ಲಿ ಅವರದ್ದೇ ಹೆಚ್ಚು. ವರ್ಷದ ಆಟಗಾರ ಅಂತ ಕೊಡುವ ದೊಡ್ಡ ಪ್ರಶಸ್ತಿಗಳೂ ಅವರ ಪಾಲಿಗೇ ಬಂದವು. ಅದೇ ಜೂನ್‌ನಲ್ಲಿ, ಅಮೆರಿಕದ ದೊಡ್ಡ ವೃತ್ತಿಪರ ಲೀಗ್ ಆದ ಎನ್‌ಬಿಎಯ ತಂಡಗಳು ಹೊಸಬರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ, 10ನೆಯವರಾಗಿ ಆಯ್ಕೆಯಾದರು.

ಐದು ವರ್ಷ ಬಿಟ್ಟು, 2016ರಲ್ಲಿ, ಅಲೆಕ್ಸ್ ಕರೂಸೊ ಟೆಕ್ಸಸ್ ಎ ಅಂಡ್ ಎಂ ಯೂನಿವರ್ಸಿಟಿಯಲ್ಲಿ ನಾಲ್ಕು ವರ್ಷ ಮುಗಿಸಿ ಹೊರಬಂದರು. ಪಂದ್ಯಕ್ಕೆ ಎಂಟು ಪಾಯಿಂಟ್ ಆಸುಪಾಸು ಹೊಡೆಯುತ್ತಿದ್ದವರು. ಆ ವರ್ಷದ ಡ್ರಾಫ್ಟ್‌ನಲ್ಲಿ 60 ಹೆಸರು ಕೂಗಿದರು. ಇವರದ್ದು ಬರಲೇ ಇಲ್ಲ.

ಇವರಿಬ್ಬರಲ್ಲಿ ಎನ್‌ಬಿಎ ಚಾಂಪಿಯನ್‌ಷಿಪ್ ಗೆದ್ದವರು ಯಾರು? ಕರೂಸೊ. ಅದೂ ಎರಡು ಸಲ. 2020ರಲ್ಲಿ ಲಾಸ್ ಏಂಜಲೀಸ್ ಲೇಕರ್ಸ್ ಜೊತೆ, 2025ರಲ್ಲಿ ಒಕ್ಲಹೋಮ ಸಿಟಿ ಥಂಡರ್ ಜೊತೆ. ಫ್ರೆಡೆಟ್ ಅಷ್ಟೊತ್ತಿಗೆ ಎನ್‌ಬಿಎಯಿಂದ ಹೊರಬಿದ್ದು ಚೀನಾ, ಗ್ರೀಸ್ ಎಲ್ಲ ಸುತ್ತಿ ಬಂದಿದ್ದರು.

ನಮ್ಮ ಬಳ್ಳಾರಿಯಲ್ಲಿ ಬೆಳಗ್ಗೆ ಆರಕ್ಕೆ ಸಿಮೆಂಟ್ ಕೋರ್ಟಿಗೆ ಬರುವ ಕಾಲೇಜು ಹುಡುಗರು ಕೇಳುವ ಪ್ರಶ್ನೆ ಒಂದೇ. "ಅಲ್ಲಿ ಕಾಲೇಜ್‌ನಾಗ ಚೆನ್ನಾಗಿ ಆಡಿದ್ರ ಸೀದಾ ಎನ್‌ಬಿಎಗೆ ಹೋಗ್ತಾರಲ್ರೀ ಸರ್, ಅದು ಹೆಂಗ?" ಸೀದಾ ಹೋಗುವವರು ಬೆರಳೆಣಿಕೆ. ಹೋದವರಲ್ಲೂ ಉಳಿಯುವವರು ಕಮ್ಮಿ. ಒಬ್ಬ ಆಟಗಾರನ ಬದುಕು ಯಾವ ಕಡೆ ಹೊರಟಿದೆ ಅಂತ ತಿಳಿಯಬೇಕಾದರೆ ಅವನ ಪಾಯಿಂಟ್ ನೋಡಿದರೆ ಸಾಲದು, ಅವನು ಸಹಿ ಹಾಕಿದ ಕಾಗದ ನೋಡಬೇಕು ಅನ್ನುವುದು ನನ್ನ ಲೆಕ್ಕ. ಕರಾರು ಯಾವ ತರದ್ದು, ಎಷ್ಟು ದಿನದ್ದು, ಅದರಲ್ಲಿ ಖಾತ್ರಿಯಾದ ದುಡ್ಡೆಷ್ಟು. ಉಳಿದ ಕಥೆಯೆಲ್ಲ ಅದರಲ್ಲೇ ಇರುತ್ತದೆ.

ಮೊದಲು ಗಾತ್ರ ನೋಡೋಣ. ಅಮೆರಿಕದ ಕಾಲೇಜು ಕ್ರೀಡೆಯನ್ನು ನಡೆಸುವ ದೊಡ್ಡ ಸಂಸ್ಥೆ ಎನ್‌ಸಿಎಎ. ಅದರ ಮೊದಲ ಡಿವಿಷನ್‌ನಲ್ಲೇ 350ಕ್ಕೂ ಜಾಸ್ತಿ ಕಾಲೇಜುಗಳ ಪುರುಷರ ತಂಡಗಳಿವೆ. ಮಾರ್ಚ್‌ನಲ್ಲಿ ನಡೆಯುವ ಟೂರ್ನಿಗೆ 68 ತಂಡಗಳು ಮಾತ್ರ ಬರುತ್ತವೆ. ನಾವು ಯೂಟ್ಯೂಬ್‌ನಲ್ಲಿ ನೋಡುವುದು ಬಹುತೇಕ ಅದನ್ನೇ. ಈ ಕಡೆ ಎನ್‌ಬಿಎಯಲ್ಲಿ 30 ತಂಡ, ತಂಡಕ್ಕೆ 15 ಕಾಯಂ ಜಾಗ. ಒಟ್ಟು 450. ಬಳ್ಳಾರಿ ಬಸ್ ಸ್ಟ್ಯಾಂಡಿನಲ್ಲಿ ಒಂಬತ್ತು ಬಸ್ ನಿಂತಿದ್ದರೆ ಅಷ್ಟೂ ಜನ ಸೀಟಿನಲ್ಲೇ ಕೂತುಬಿಡಬಹುದು. ಆ ಸೀಟುಗಳೂ ಖಾಲಿ ಇರುವುದಿಲ್ಲ, ಹಳಬರು ಕೂತಿರುತ್ತಾರೆ. ಮೇಲೆ ಪೈಪೋಟಿ ಅಮೆರಿಕದ ಹುಡುಗರ ನಡುವೆ ಮಾತ್ರ ಅಲ್ಲ. ಎನ್‌ಬಿಎಯ ದೊಡ್ಡ ಸ್ಟಾರ್‌ಗಳಾದ ಸರ್ಬಿಯಾದ ನಿಕೊಲಾ ಯೋಕಿಚ್, ಸ್ಲೊವೇನಿಯಾದ ಲೂಕಾ ಡಾನ್ಚಿಚ್ ಅಮೆರಿಕದ ಕಾಲೇಜು ಮೆಟ್ಟಿಲು ಹತ್ತಿದವರೇ ಅಲ್ಲ. ಯುರೋಪಿನ ಕ್ಲಬ್‌ಗಳಲ್ಲಿ ಬೆಳೆದು ಬಂದವರು. ಡ್ರಾಫ್ಟ್‌ಗೆ ಅರ್ಹತೆ ಇರುವ ಕಾಲೇಜು ಆಟಗಾರರಲ್ಲಿ ನೂರಕ್ಕೆ ಸುಮಾರು ಒಬ್ಬರು ಎನ್‌ಬಿಎ ತಲುಪುತ್ತಾರೆ ಅಂತ ಎನ್‌ಸಿಎಎಯೇ ಅಂದಾಜು ಕೊಡುತ್ತದೆ.

ಡ್ರಾಫ್ಟ್ ಅಂದರೆ ಹೊಸಬರನ್ನು ತಂಡಗಳು ಸರದಿಯ ಮೇಲೆ ಆರಿಸಿಕೊಳ್ಳುವ ಪದ್ಧತಿ. ಜೂನ್‌ನಲ್ಲಿ ನಡೆಯುತ್ತದೆ, ಎರಡು ಸುತ್ತು. ಐಪಿಎಲ್ ಹರಾಜಿನ ಹಾಗೆ ದುಡ್ಡು ಏರಿಸುವುದಿಲ್ಲ. ಪ್ಲೇಆಫ್‌ಗೆ ಬಾರದ 14 ತಂಡಗಳ ನಡುವೆ ಲಾಟರಿ ಎತ್ತಿ ಮೊದಲ ಸರದಿ ಯಾರದ್ದು ಅಂತ ತೀರ್ಮಾನಿಸುತ್ತಾರೆ. ಸೋತ ತಂಡಕ್ಕೆ ಒಳ್ಳೆಯ ಹುಡುಗ ಸಿಗಲಿ ಅನ್ನುವುದು ಉದ್ದೇಶ. 2006ರಿಂದ ಒಂದು ನಿಯಮ ಇದೆ: ಡ್ರಾಫ್ಟ್ ನಡೆಯುವ ವರ್ಷದಲ್ಲಿ 19 ತುಂಬಬೇಕು, ಅಮೆರಿಕದ ಹುಡುಗರಾದರೆ ಹೈಸ್ಕೂಲ್ ಮುಗಿದು ಒಂದು ವರ್ಷವಾದರೂ ಆಗಿರಬೇಕು. ಹಾಗಾಗಿ ತುಂಬಾ ಪ್ರತಿಭೆ ಇರುವವರು ಕಾಲೇಜಿನಲ್ಲಿ ಒಂದೇ ವರ್ಷ ಆಡಿ ಹೊರಟುಬಿಡುತ್ತಾರೆ. 2025ರಲ್ಲಿ ಮೊದಲನೆಯವರಾಗಿ ಆಯ್ಕೆಯಾದ ಕೂಪರ್ ಫ್ಲ್ಯಾಗ್ ಹಾಗೇ ಮಾಡಿದ್ದು. ಡ್ಯೂಕ್ ಯೂನಿವರ್ಸಿಟಿಯಲ್ಲಿ ಒಂದು ವರ್ಷ, ಆಮೇಲೆ ಎನ್‌ಬಿಎಯ ಡಲ್ಲಾಸ್ ತಂಡ.

ಹೆಚ್ಚಿನವರು ತಪ್ಪು ತಿಳಿಯುವುದು ಇಲ್ಲೇ. ಡ್ರಾಫ್ಟ್‌ನಲ್ಲಿ ಹೆಸರು ಬಂದರೆ ಕೆಲಸ ಸಿಕ್ಕಿತು ಅಂತ ಅಲ್ಲ. ಆ ಹುಡುಗನ ಜೊತೆ ಎನ್‌ಬಿಎ ಕರಾರಿನ ಮಾತಾಡುವ ಹಕ್ಕು ಆ ತಂಡಕ್ಕೆ ಸಿಕ್ಕಿತು ಅಂತ, ಅಷ್ಟೆ. ಮೊದಲ ಸುತ್ತಿನವರಿಗೆ ಚಿಂತೆ ಕಮ್ಮಿ. ಎಷ್ಟನೆಯ ಆಯ್ಕೆಗೆ ಎಷ್ಟು ಸಂಬಳ ಅಂತ ಮೊದಲೇ ಪಟ್ಟಿ ಇರುತ್ತದೆ. ಮೊದಲ ಎರಡು ವರ್ಷದ ದುಡ್ಡು ಖಾತ್ರಿ. ಕಾಲು ಮುರಿದರೂ ಬರುತ್ತದೆ, ಬೆಂಚಲ್ಲೇ ಕೂತರೂ ಬರುತ್ತದೆ. ಮೂರನೆಯ, ನಾಲ್ಕನೆಯ ವರ್ಷ ಬೇಕೋ ಬೇಡವೋ ಅನ್ನುವುದು ತಂಡದ ಇಷ್ಟ.

ಎರಡನೇ ಸುತ್ತಿಗೆ ಬಂದರೆ ಈ ಖಾತ್ರಿ ಇಲ್ಲ. 30ನೆಯವನಿಗೂ 31ನೆಯವನಿಗೂ ಆಟದಲ್ಲಿ ಕೂದಲೆಳೆ ವ್ಯತ್ಯಾಸ. ಕಾಗದದಲ್ಲಿ ಮಾತ್ರ ಅಜಗಜಾಂತರ. ಎರಡನೇ ಸುತ್ತಿನವರಲ್ಲಿ ಮೇಲೆ ಬಂದವರಿಲ್ಲ ಅಂತಲ್ಲ. ವಿಲನೋವಾ ಕಾಲೇಜಿಗೆ ಎರಡು ಚಾಂಪಿಯನ್‌ಷಿಪ್ ಗೆದ್ದುಕೊಟ್ಟ ಜೇಲನ್ ಬ್ರನ್ಸನ್ 2018ರಲ್ಲಿ 33ನೆಯವರಾಗಿ ಆಯ್ಕೆಯಾದರು, ನಾಲ್ಕು ವರ್ಷದ ಮೇಲೆ ನ್ಯೂಯಾರ್ಕ್ ನಿಕ್ಸ್ ಅವರಿಗೆ 10 ಕೋಟಿ ಡಾಲರ್‌ಗೂ ಹೆಚ್ಚಿನ ಕರಾರು ಕೊಟ್ಟಿತು. ಇನ್ನೊಂದು ತುದಿಯಲ್ಲಿ ನಮ್ಮ ಪಂಜಾಬಿನ ಸತ್ನಾಮ್ ಸಿಂಗ್ ಇದ್ದಾರೆ. 2015ರಲ್ಲಿ 52ನೆಯವರಾಗಿ ಡಲ್ಲಾಸ್ ಆರಿಸಿಕೊಂಡಾಗ ಭಾರತದಲ್ಲಿ ಹುಟ್ಟಿ ಎನ್‌ಬಿಎ ಡ್ರಾಫ್ಟ್ ಆದ ಮೊದಲಿಗ ಅಂತ ಪೇಪರ್‌ಗಳೆಲ್ಲ ಬರೆದವು. ಅದು ನಿಜವೇ. ಆದರೆ ಎನ್‌ಬಿಎಯ ಒಂದು ಲೀಗ್ ಪಂದ್ಯವನ್ನೂ ಅವರು ಆಡಲಿಲ್ಲ. ಕೆಳಗಿನ ಲೀಗ್‌ನಲ್ಲಿ ಆಡಿದರು, ಕೊನೆಗೆ ಕುಸ್ತಿಯ ಶೋಗಳ ಕಡೆ ಹೋದರು.

ಹೆಸರೇ ಬಾರದವರ ಕಥೆ? ಕರೂಸೊ ನಡೆದ ದಾರಿಯನ್ನೇ ಹಿಡಿದು ಹೋದರೆ ಅದು ಪೂರ್ತಿ ಅರ್ಥವಾಗುತ್ತದೆ. ಡ್ರಾಫ್ಟ್ ಮುಗಿದ ಮೇಲೆ ಜುಲೈನಲ್ಲಿ ಸಮ್ಮರ್ ಲೀಗ್ ಅಂತ ನಡೆಯುತ್ತದೆ. ಹೊಸಬರು, ಕೆಲಸ ಕಳೆದುಕೊಂಡವರು, ಎಲ್ಲರಿಗೂ ತಮ್ಮನ್ನು ತೋರಿಸಿಕೊಳ್ಳಲು ಅದೊಂದು ಜಾಗ. ಕರೂಸೊ 2016ರಲ್ಲಿ ಅಲ್ಲಿ ಆಡಿದರು. ಆಮೇಲೆ ಒಕ್ಲಹೋಮ ಸಿಟಿ ತಂಡ ತರಬೇತಿ ಶಿಬಿರಕ್ಕೆ ಕರೆಯಿತು. ಅಕ್ಟೋಬರ್‌ನಲ್ಲಿ ಸೀಸನ್ ಶುರುವಾಗುವ ಮೊದಲೇ ಕೈಬಿಟ್ಟಿತು. ಅವರದೇ ಕೆಳಗಿನ ತಂಡವಾದ ಒಕ್ಲಹೋಮ ಸಿಟಿ ಬ್ಲೂಗೆ ಹೋಗಿ ಸೇರಿಕೊಂಡರು. ಇದು ಆಗ ಡಿ ಲೀಗ್, 2017ರಿಂದ ಜಿ ಲೀಗ್. ಎನ್‌ಬಿಎ ತಂಡಗಳು ಹುಡುಗರನ್ನು ಬೆಳೆಸಲು ಇಟ್ಟುಕೊಂಡ ಲೀಗ್ ಇದು. ಬರೀ ಜಿ ಲೀಗ್ ಕರಾರು ಇದ್ದರೆ ಈಗಲೂ ಒಂದು ಸೀಸನ್‌ಗೆ 40 ಸಾವಿರ ಡಾಲರ್ ಆಸುಪಾಸು. ರೂಪಾಯಿಗೆ ತಿರುಗಿಸಿದರೆ ದೊಡ್ಡದಾಗಿ ಕಾಣುತ್ತದೆ. ಅಲ್ಲಿ ಬಾಡಿಗೆ ಕಟ್ಟಿ ಊಟ ಮಾಡುವವರಿಗೆ ಅದು ಸಾಧಾರಣ ಸಂಬಳ.

2017ರಲ್ಲಿ ಟು-ವೇ ಅನ್ನುವ ಹೊಸ ತರದ ಕರಾರು ಬಂತು. ಅರ್ಧ ಜಿ ಲೀಗ್, ಅರ್ಧ ಎನ್‌ಬಿಎ. ತಂಡಕ್ಕೆ ಬೇಕಾದಾಗ ಮೇಲೆ ಕರೆಯುತ್ತಾರೆ, ಸಾಕಾದಾಗ ಕೆಳಗೆ ಕಳಿಸುತ್ತಾರೆ. ಈಗ ಪ್ರತಿ ತಂಡಕ್ಕೆ ಇಂಥ ಮೂರು ಜಾಗ, ಒಬ್ಬ ಆಟಗಾರ ಎನ್‌ಬಿಎ ತಂಡದ ಪಟ್ಟಿಯಲ್ಲಿ ಹೆಚ್ಚೆಂದರೆ 50 ಪಂದ್ಯ ಇರಬಹುದು. ಸಂಬಳ ಹೊಸಬರ ಕನಿಷ್ಠ ಸಂಬಳದ ಅರ್ಧ. 2024-25ರಲ್ಲಿ ಅದು 5,78,577 ಡಾಲರ್, ಹತ್ತಿರ ಹತ್ತಿರ 5 ಕೋಟಿ ರೂಪಾಯಿ. ಈ ಟು-ವೇ ಬಂದ ಮೊದಲ ವರ್ಷವೇ ಲೇಕರ್ಸ್ ಕರೂಸೊಗೆ ಒಂದು ಕೊಟ್ಟಿತು. ಎರಡು ಸೀಸನ್ ಅವರು ಮೇಲೆ ಕೆಳಗೆ ಓಡಾಡಿದರು. 2019ರಲ್ಲಿ ಎರಡು ವರ್ಷದ ಪೂರ್ಣ ಕರಾರು, 55 ಲಕ್ಷ ಡಾಲರ್. ಮುಂದಿನ ವರ್ಷ ಫೈನಲ್‌ನ ಕೊನೆಯ ಪಂದ್ಯದಲ್ಲಿ ತಂಡದ ಸ್ಟಾರ್ ಲೆಬ್ರಾನ್ ಜೇಮ್ಸ್ ಪಕ್ಕದಲ್ಲಿ ಮೊದಲ ಐವರಲ್ಲಿ ಕಣಕ್ಕಿಳಿದರು. 2021ರಲ್ಲಿ ಶಿಕಾಗೊ ನಾಲ್ಕು ವರ್ಷಕ್ಕೆ 3.7 ಕೋಟಿ ಡಾಲರ್ ಆಸುಪಾಸು ಕೊಟ್ಟಿತು. 2024ರ ಡಿಸೆಂಬರ್‌ನಲ್ಲಿ ಒಕ್ಲಹೋಮ ಸಿಟಿ, ಅಂದರೆ ಮೊದಲು ಕೈಬಿಟ್ಟ ಅದೇ ತಂಡ, ನಾಲ್ಕು ವರ್ಷಕ್ಕೆ 8.1 ಕೋಟಿ ಡಾಲರ್‌ಗೆ ಸಹಿ ಹಾಕಿಸಿಕೊಂಡಿತು.

ಇಷ್ಟೆಲ್ಲ ಆದರೂ ಅವರ ಪಾಯಿಂಟ್ ಸರಾಸರಿ ಎರಡಂಕಿಯ ಹತ್ತಿರ ಹೋಗಿ ಬರುತ್ತಿತ್ತೇ ಹೊರತು ಜಾಸ್ತಿ ಏರಲಿಲ್ಲ. ಹಾಗಾದರೆ ದುಡ್ಡು ಕೊಟ್ಟದ್ದು ಯಾತಕ್ಕೆ? ಕಾಲೇಜಿನಲ್ಲಿ ಅವರು ಬಿಟ್ಟುಹೋದ ದಾಖಲೆ ಪಾಯಿಂಟಿನದ್ದಲ್ಲ. ಆ ಯೂನಿವರ್ಸಿಟಿಯ ಇತಿಹಾಸದಲ್ಲೇ ಹೆಚ್ಚು ಅಸಿಸ್ಟ್, ಹೆಚ್ಚು ಸ್ಟೀಲ್. ಅಂದರೆ ಇನ್ನೊಬ್ಬರಿಗೆ ಬಾಲ್ ಕೊಡುವುದು, ಎದುರಾಳಿಯ ಕೈಯಿಂದ ಬಾಲ್ ಕೀಳುವುದು. 2023ರಲ್ಲಿ ಎನ್‌ಬಿಎಯ ಅತ್ಯುತ್ತಮ ಡಿಫೆನ್ಸ್ ಐವರಲ್ಲಿ ಅವರ ಹೆಸರಿತ್ತು.

ಇದನ್ನು ಕೋರ್ಟಿನ ಮೇಲೆ ನಿಂತು ನೋಡಿದರೆ ಚೆನ್ನಾಗಿ ತಿಳಿಯುತ್ತದೆ. ಎದುರಾಳಿ ಮೂಲೆಯಲ್ಲಿ ನಿಂತಿದ್ದಾನೆ. ಬಾಲ್ ಅವನ ಕಡೆ ಹೊರಟಿದೆ. ನೀವು ಬಾಸ್ಕೆಟ್ ಕೆಳಗಿದ್ದೀರಿ. ಓಡಬೇಕು. ಜೋರಾಗಿ ನುಗ್ಗಿದರೆ ನಿಲ್ಲಲಿಕ್ಕೆ ಆಗಲ್ಲ, ಅವನು ಸುಮ್ನೆ ಹೊಡೆಯುವ ಹಾಗೆ ಮಾಡಿ ಪಕ್ಕದಿಂದ ದಾಟಿಬಿಡುತ್ತಾನೆ. ನಿಧಾನ ಮಾಡಿದರೆ ಮೂರು ಪಾಯಿಂಟ್ ಹೋಯಿತು. ಹಾಗಾಗಿ ಮೊದಲ ಮೂರು ಹೆಜ್ಜೆ ಉದ್ದ, ಕೊನೆಯ ಎರಡು ಮೂರು ಹೆಜ್ಜೆ ಪುಟ್ಟ ಪುಟ್ಟದು. ಸೊಂಟ ಕೆಳಗೆ, ಒಂದು ಕೈ ಮೇಲೆ. ಪಂದ್ಯಕ್ಕೆ ಹತ್ತಾರು ಸಲ ಇದನ್ನೇ ಮಾಡಬೇಕು. ಯಾರೂ ಚಪ್ಪಾಳೆ ತಟ್ಟಲ್ಲ, ಸ್ಕೋರ್‌ಷೀಟಿನಲ್ಲಿ ಒಂದು ಗೆರೆಯೂ ಬರಲ್ಲ. ಬಳ್ಳಾರಿಯ ಸಿಮೆಂಟ್ ಕೋರ್ಟಿನಲ್ಲಿ ಧೂಳು ಕೂತಿರುತ್ತದೆ, ಶೂ ಜಾರುತ್ತದೆ, ಅದಕ್ಕೇ ನಮ್ಮ ಹುಡುಗರು ಈ ಓಟವನ್ನು ಅರ್ಧಕ್ಕೆ ಬಿಡುತ್ತಾರೆ. ಇಂಟರ್ ಕಾಲೇಜ್ ಪಂದ್ಯದಲ್ಲಿ 25 ಪಾಯಿಂಟ್ ಹೊಡೆದವನ ಕಾಲು ಆ ಕ್ಷಣದಲ್ಲಿ ಎಲ್ಲಿರುತ್ತದೆ ಅಂತ ಒಮ್ಮೆ ನೋಡಿ. ಅರ್ಧ ಕೋರ್ಟಿನಲ್ಲಿ ನಿಂತು ಬಾಲ್‌ಗೆ ಕೈ ಚಾಚಿರುತ್ತಾನೆ!

ಕಾಲೇಜಿನ ಸ್ಟಾರ್ ಪ್ರೊ ತಂಡಕ್ಕೆ ಬಂದಾಗ ಅವನ ಕೆಲಸವೇ ಬದಲಾಗುತ್ತದೆ. ಪಾಯಿಂಟ್ ಹೊಡೆಯಲು ಅಲ್ಲಿ ಆಗಲೇ ಇಬ್ಬರು ಮೂವರು ಇರುತ್ತಾರೆ, ಅವನಿಗಿಂತ ಚೆನ್ನಾಗಿ ಹೊಡೆಯುವವರು. ಖಾಲಿ ಇರುವುದು ಎಂಟನೆಯ, ಒಂಬತ್ತನೆಯ ಆಟಗಾರನ ಜಾಗ. ಹನ್ನೆರಡು ನಿಮಿಷ ಆಡಬೇಕು, ಎದುರಿನವನನ್ನು ತಡೆಯಬೇಕು, ಖಾಲಿ ಇದ್ದಾಗ ಮೂಲೆಯಿಂದ ಹೊಡೆದದ್ದು ಹೋಗಬೇಕು. ಫ್ರೆಡೆಟ್‌ಗೆ ಆದದ್ದು ಇದೇ. ಬಾಲ್ ಕೈಯಲ್ಲಿದ್ದಾಗ ಅವರಷ್ಟು ಚೆಂದ ಆಡುವವರು ಕಮ್ಮಿ. ಎನ್‌ಬಿಎಯಲ್ಲಿ ಅವರು ಮೊದಲು ಆಡಿದ ಸ್ಯಾಕ್ರಮೆಂಟೊ ತಂಡದಲ್ಲಿ ಬಾಲ್ ಅವರ ಕೈಗೆ ಅಷ್ಟಾಗಿ ಬರಲಿಲ್ಲ. ಡಿಫೆನ್ಸ್ ಕೈಹಿಡಿಯಲಿಲ್ಲ. ನಾಲ್ಕನೆಯ ವರ್ಷದ ಆಯ್ಕೆಯನ್ನು ತಂಡ ಬೇಡ ಅಂದಿತು. 2016ರ ಹೊತ್ತಿಗೆ ನ್ಯೂಯಾರ್ಕ್‌ನಲ್ಲಿ ಹತ್ತು ದಿನದ ಕರಾರಿಗೆ ಸಹಿ ಹಾಕುತ್ತಿದ್ದರು. ಹೌದು, ಹತ್ತು ದಿನದ ಕರಾರು ಅಂತಲೇ ಒಂದು ಇದೆ. ಜನವರಿ ಮೊದಲ ವಾರದಿಂದ ಕೊಡಬಹುದು, ಒಂದು ತಂಡ ಒಬ್ಬರಿಗೆ ಒಂದು ಸೀಸನ್‌ನಲ್ಲಿ ಎರಡೇ ಸಲ. ಆಮೇಲೆ ಸೀಸನ್ ಮುಗಿಯುವವರೆಗೆ ಇಟ್ಟುಕೊಳ್ಳಬೇಕು, ಇಲ್ಲ ಬಿಟ್ಟುಬಿಡಬೇಕು.

ಎನ್‌ಬಿಎ ಬಿಟ್ಟರೆ ಪ್ರೊ ಬದುಕು ಮುಗಿಯಿತು ಅನ್ನುವುದೂ ತಪ್ಪು. ಕಾಲೇಜಿನಿಂದ ಪ್ರೊ ಆಗುವವರಲ್ಲಿ ಜಾಸ್ತಿ ಜನ ದುಡಿಯುವುದು ಹೊರದೇಶದಲ್ಲೇ. ಸ್ಪೇನ್, ಟರ್ಕಿ, ಗ್ರೀಸ್, ಇಟಲಿ, ಜಪಾನ್, ಚೀನಾ. ಫ್ರೆಡೆಟ್ 2016ರಲ್ಲಿ ಶಾಂಘೈ ಶಾರ್ಕ್ಸ್ ಸೇರಿದರು. ಅಲ್ಲಿ ಬಾಲ್ ಮತ್ತೆ ಅವರ ಕೈಗೆ ಬಂತು. 2018ರಲ್ಲಿ ಒಂದೇ ಪಂದ್ಯದಲ್ಲಿ 75 ಪಾಯಿಂಟ್ ಹೊಡೆದರು. ತಲಾ ಮೂವರು ಆಡುವ ಬ್ಯಾಸ್ಕೆಟ್‌ಬಾಲ್‌ನಲ್ಲಿ 2024ರ ಪ್ಯಾರಿಸ್ ಒಲಿಂಪಿಕ್ಸ್‌ಗೂ ಅಮೆರಿಕದ ತಂಡದಲ್ಲಿ ಹೋದರು. ಇದನ್ನು ಸೋಲು ಅಂತ ಕರೆಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಹೊರದೇಶದ ಕರಾರಿನಲ್ಲಿ ಸಂಬಳದ ಜೊತೆ ಮನೆ, ಕೆಲವೊಮ್ಮೆ ಕಾರು, ವಿಮಾನದ ಟಿಕೆಟ್ ಎಲ್ಲ ಸೇರಿರುತ್ತದೆ. ಆದರೆ ಒಂದು ತಂಡ ಎಷ್ಟು ವಿದೇಶಿಯರನ್ನು ಇಟ್ಟುಕೊಳ್ಳಬಹುದು ಅನ್ನುವ ಮಿತಿ ಬಹಳ ಕಡೆ ಇದೆ. ವಿದೇಶಿ ಆಟಗಾರ ಎರಡು ವಾರ ಸರಿಯಾಗಿ ಆಡದಿದ್ದರೆ ಅವನ ಜಾಗಕ್ಕೆ ಇನ್ನೊಬ್ಬ ಬಂದಿರುತ್ತಾನೆ. ಸಂಬಳ ತಿಂಗಳುಗಟ್ಟಲೆ ಬಾಕಿ ಉಳಿಸುವ ಕ್ಲಬ್‌ಗಳೂ ಇವೆ. ಅಂಥ ಜಗಳಗಳಿಗಾಗಿಯೇ ಜಿನೀವಾದಲ್ಲಿ ಬ್ಯಾಸ್ಕೆಟ್‌ಬಾಲ್‌ಗೆ ಪ್ರತ್ಯೇಕ ಪಂಚಾಯ್ತಿ ಮಂಡಳಿ ಇದೆ. ಕರಾರಿನಲ್ಲಿ ಆ ಮಂಡಳಿಯ ಹೆಸರು ಬರೆದಿದ್ದರೆ ಮಾತ್ರ ಅಲ್ಲಿಗೆ ಹೋಗಬಹುದು. ಒಳ್ಳೆಯ ಏಜೆಂಟ್ ಮೊದಲು ನೋಡುವುದು ಆ ಸಾಲನ್ನೇ.

ಈಚೆಗೆ ಈ ದಾರಿಯ ಲೆಕ್ಕಾಚಾರ ಪೂರ್ತಿ ಬದಲಾಗಿದೆ. ಮೊದಲು ಕಾಲೇಜು ಆಟಗಾರ ಫೀಸು, ಊಟ, ರೂಮು, ಓದಿನ ಖರ್ಚು ಬಿಟ್ಟರೆ ಒಂದು ಡಾಲರ್ ಮುಟ್ಟುವ ಹಾಗಿರಲಿಲ್ಲ. ಕೋಚ್‌ಗಳಿಗೆ ಕೋಟಿಗಟ್ಟಲೆ ಸಂಬಳ, ಹುಡುಗರಿಗೆ ಸೊನ್ನೆ. 2021ರ ಜುಲೈ 1ರಿಂದ ತಮ್ಮ ಹೆಸರು, ಮುಖ ಬಳಸಿ ಜಾಹೀರಾತಿನ ದುಡ್ಡು ಮಾಡಲು ಬಿಟ್ಟರು. 2025ರ ಜೂನ್‌ನಲ್ಲಿ ಕೋರ್ಟ್ ಒಪ್ಪಿದ ಒಂದು ರಾಜಿಯ ಪ್ರಕಾರ ಈಗ ಕಾಲೇಜುಗಳೇ ನೇರವಾಗಿ ಕೊಡಬಹುದು. 2025-26ಕ್ಕೆ ಒಂದು ಕಾಲೇಜಿನ ಎಲ್ಲ ಆಟಗಳಿಗೂ ಸೇರಿ ಮಿತಿ ಸುಮಾರು 2.05 ಕೋಟಿ ಡಾಲರ್. ಪರಿಣಾಮ ಏನು ಗೊತ್ತಾ? ಎರಡನೇ ಸುತ್ತಿಗೆ ಹೋಗಿ ಜಿ ಲೀಗ್‌ನಲ್ಲಿ ಒದ್ದಾಡುವುದಕ್ಕಿಂತ ಕಾಲೇಜಿನಲ್ಲೇ ಇನ್ನೊಂದು ವರ್ಷ ಇದ್ದರೆ ದುಡ್ಡು ಜಾಸ್ತಿ ಅನ್ನುವ ಸ್ಥಿತಿ ಬಂದಿದೆ. ಡ್ರಾಫ್ಟ್‌ಗೆ ಹೆಸರು ಕೊಟ್ಟು, ತಂಡಗಳು ಏನನ್ನುತ್ತವೆ ಅಂತ ಕೇಳಿಕೊಂಡು, ಗಡುವಿನೊಳಗೆ ಹೆಸರು ವಾಪಸ್ ಪಡೆದು ಕಾಲೇಜಿಗೆ ಮರಳುವವರಿದ್ದಾರೆ. ನಿಯಮ ಅದಕ್ಕೆ ಅವಕಾಶ ಕೊಡುತ್ತದೆ.

ಬಳ್ಳಾರಿಯಿಂದ, ರಾಯಚೂರಿನಿಂದ ಆ ಕಡೆ ಹೋಗಬಹುದಾ? ಹೋಗಬಹುದು. ಬೆಂಗಳೂರಿನ ಸಂಜನಾ ರಮೇಶ್ ನಾರ್ದರ್ನ್ ಅರಿಜೋನ ಯೂನಿವರ್ಸಿಟಿಗೆ ಆಡಿದ್ದಾರೆ. ಆದರೆ ಡಿಗ್ರಿ ಸೇರಿದ ಮೇಲೆ ಯೋಚಿಸುವವರು ಒಂದು ವಿಷಯ ತಿಳಿದಿರಬೇಕು. ಎನ್‌ಸಿಎಎ ಮೊದಲ ಡಿವಿಷನ್‌ನಲ್ಲಿ ನಾಲ್ಕು ಸೀಸನ್ ಆಡಲು ಐದು ವರ್ಷದ ಗಡಿಯಾರ ಇರುತ್ತದೆ. ಅದು ಅಮೆರಿಕಕ್ಕೆ ಕಾಲಿಟ್ಟ ದಿನದಿಂದ ಓಡುವುದಿಲ್ಲ. ಜಗತ್ತಿನ ಯಾವುದೇ ಕಾಲೇಜಿಗೆ ಪೂರ್ಣಾವಧಿ ವಿದ್ಯಾರ್ಥಿಯಾಗಿ ಸೇರಿದ ದಿನದಿಂದ ಓಡುತ್ತದೆ. ಬಳ್ಳಾರಿಯಲ್ಲಿ ಬಿ.ಇ. ಮೂರನೇ ವರ್ಷದಲ್ಲಿರುವವನ ಗಡಿಯಾರ ಆಗಲೇ ಅರ್ಧ ಓಡಿದೆ. ಪಿಯುಸಿ ಇದರಲ್ಲಿ ಸೇರಲ್ಲ, ಅದನ್ನು ಅವರು ಹೈಸ್ಕೂಲಿನ ಭಾಗವಾಗಿ ನೋಡುತ್ತಾರೆ. ಹಾಗಾಗಿ ಪ್ರಯತ್ನ ಮಾಡುವುದಿದ್ದರೆ ಪಿಯುಸಿಯಲ್ಲೇ ಮಾಡಬೇಕು, ಅದು ಮುಗಿದ ಮೇಲೆ ಸುಮ್ನೆ ಎರಡು ಮೂರು ವರ್ಷ ಕೂರುವ ಹಾಗೂ ಇಲ್ಲ. ಇನ್ನೊಂದು: ವಿದ್ಯಾರ್ಥಿ ವೀಸಾದ ಮೇಲೆ ಹೋದವರಿಗೆ ಅಲ್ಲಿ ದುಡಿಯಲು ಕಟ್ಟುಪಾಡುಗಳಿವೆ. ಅಮೆರಿಕದ ಹುಡುಗರಿಗೆ ಬರುವ ಜಾಹೀರಾತಿನ ದುಡ್ಡು ನಮ್ಮವರಿಗೆ ಅಷ್ಟು ಸಲೀಸಲ್ಲ.

ಇಲ್ಲೇ ಉಳಿದು ಪ್ರೊ ಆಗುವುದು ಹೇಗೆ ಅನ್ನುವುದಕ್ಕೆ ಉತ್ತರ ಸ್ವಲ್ಪ ನಿರಾಸೆಯದ್ದೇ. ಪ್ರೊ ಲೀಗ್ ಕಟ್ಟುವ ಪ್ರಯತ್ನ ಆಗಿದೆ. 2015ರಲ್ಲಿ ಯುಬಿಎ ಅಂತ ಒಂದು ಶುರುವಾಗಿ ಕೆಲವು ಸೀಸನ್‌ಗೆ ನಿಂತಿತು. 2022ರಲ್ಲಿ ಐಎನ್‌ಬಿಎಲ್ ಬಂತು. ಆದರೆ ಅವುಗಳನ್ನೇ ನಂಬಿ ಮನೆ ನಡೆಸುವ ಕಾಲ ಇನ್ನೂ ಬಂದಿಲ್ಲ. ನಮ್ಮ ತೋರಣಗಲ್ಲಿನ ಹತ್ತಿರ ದೇಶದ ದೊಡ್ಡ ಕ್ರೀಡಾ ಸಂಸ್ಥೆಯೇ ಇದೆ, ನಿಜ. ಅಲ್ಲಿ ಕುಸ್ತಿ, ಬಾಕ್ಸಿಂಗ್, ಜೂಡೋ, ಅಥ್ಲೆಟಿಕ್ಸ್‌ನವರದ್ದು ನಡೆಯುತ್ತದೆ, ಬ್ಯಾಸ್ಕೆಟ್‌ಬಾಲಿನವರದ್ದಲ್ಲ.

ಭಾರತದ ಕಾಲೇಜು ಆಟಗಾರನಿಗೆ ಕರಾರಿನ ಜಾಗದಲ್ಲಿರುವುದು ನೌಕರಿ. ರೈಲ್ವೆ, ಬ್ಯಾಂಕ್, ಆದಾಯ ತೆರಿಗೆ, ಸೇನೆ, ಒಎನ್‌ಜಿಸಿ. ಇವರ ತಂಡಗಳೇ ನಮ್ಮ ಪ್ರೊ ಕ್ಲಬ್‌ಗಳು. ಬೆಳಗ್ಗೆ ಆಫೀಸಿನಲ್ಲಿ ಸಹಿ, ಆಮೇಲೆ ಪ್ರಾಕ್ಟೀಸ್, ಟೂರ್ನಿಗೆ ರಜೆ. ಮೊಣಕಾಲು ಹೋದರೂ ಸಂಬಳ ನಿಲ್ಲಲ್ಲ. ಖಾತ್ರಿಯ ದೃಷ್ಟಿಯಿಂದ ನೋಡಿದರೆ ಎನ್‌ಬಿಎಯ ಟು-ವೇ ಹುಡುಗನಿಗೂ ಇಲ್ಲದ ಭದ್ರತೆ ಇದು. ದುಡ್ಡಿನ ದೃಷ್ಟಿಯಿಂದ ಹೋಲಿಕೆ ಮಾಡುವುದು ಬೇಡ ಬಿಡಿ. ರೈಲ್ವೆಯಲ್ಲಿ ಲೆವೆಲ್ 2 ಮೂಲ ವೇತನ 19,900 ರೂಪಾಯಿಯಿಂದ, ಲೆವೆಲ್ 5 ಆದರೆ 29,200 ರೂಪಾಯಿಯಿಂದ ಶುರು.

ಇಲ್ಲೂ ಕಾಗದದ್ದೇ ಆಟ. ಕಾಲೇಜು ತಂಡದಿಂದ ಇಂಟರ್ ಕಾಲೇಜ್, ಅಲ್ಲಿಂದ ಯೂನಿವರ್ಸಿಟಿ ತಂಡದ 12 ಜನರಲ್ಲಿ ಒಬ್ಬರಾಗಬೇಕು. ಡಿಗ್ರಿಯವರಿಗೆ ವಿಜಯನಗರ ಶ್ರೀಕೃಷ್ಣದೇವರಾಯ ವಿವಿ, ಇಂಜಿನಿಯರಿಂಗ್‌ನವರಿಗೆ ವಿಟಿಯು. ಆ ತಂಡ ದಕ್ಷಿಣ ವಲಯದ ಅಂತರ ವಿವಿ ಟೂರ್ನಿಗೆ ಹೋಗುತ್ತದೆ. ಅಲ್ಲಿ ಆಡಿದವರಿಗೆ ಕೇಂದ್ರ ಸರ್ಕಾರದ ಕ್ರೀಡಾ ಕೋಟಾಕ್ಕೆ ಬೇಕಾಗುವುದು ಫಾರಂ-3, ಅಂದರೆ ಯೂನಿವರ್ಸಿಟಿಗೆ ಆಡಿದ್ದಕ್ಕೆ ಕೊಡುವ ಸರ್ಟಿಫಿಕೇಟ್. ಕಾಲೇಜಿನ ಪ್ರಿನ್ಸಿಪಾಲರು ಕೊಡುವ ಮೆರಿಟ್ ಸರ್ಟಿಫಿಕೇಟ್ ಇದಕ್ಕೆ ನಡೆಯುವುದಿಲ್ಲ. ಯೂನಿವರ್ಸಿಟಿಯ ಕ್ರೀಡಾ ವಿಭಾಗದ ಮುಖ್ಯಸ್ಥರ ಸಹಿಯೇ ಬೇಕು. ಕೇಂದ್ರದ ಹಲವು ಇಲಾಖೆಗಳಲ್ಲಿ ಕ್ರೀಡಾಪಟುಗಳಿಗೆ ಐದು ವರ್ಷದವರೆಗೆ ವಯಸ್ಸಿನ ಸಡಿಲಿಕೆ ಇದೆ. ರೈಲ್ವೆಯ ಕ್ರೀಡಾ ಕೋಟಾದಲ್ಲಿ ಅದೂ ಇಲ್ಲ. 18ರಿಂದ 25, ಅಷ್ಟೆ. ಡಿಗ್ರಿ ಮುಗಿಯುವ ಹೊತ್ತಿಗೆ 21-22 ಆಗಿರುತ್ತದೆ. ಉಳಿಯುವುದು ಮೂರು ನಾಲ್ಕು ವರ್ಷ. ಅದಕ್ಕೇ ಆಡಿದ ವರ್ಷವೇ ಫಾರಂ-3 ಮಾಡಿಸಿಕೊಳ್ಳಿ. ಆಗ ಟೀಮ್ ಲಿಸ್ಟು, ಟೂರ್ನಿಯ ತಾರೀಕು, ಮ್ಯಾನೇಜರ್ ಎಲ್ಲ ಕೈಗೆ ಸಿಗುವ ಹಾಗಿರುತ್ತಾರೆ.